ಎತ್ತರ ನೋಡಿ ಬೀಳಬೇಡಿ!

ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುವ ಕಿರಾಣಿ, ಸಿಮೆಂಟು ಅಂಗಡಿಯವರಿಗೆ ದಲ್ಲಾಳಿಗಳು ಹೇಳುವ ಮಾತು ಒಂದೇ: "ಗಾಡಿ ಎತ್ತರಿಸಿದೆ ಸಾರ್, ಟ್ರೈಲರ್ ಕಟ್ಟಿದರೂ ಆನೆ ಹಂಗೆ ಎಳೀತದೆ!"

ಆನೆಯೂ ಇಲ್ಲ, ಕುದುರೆಯೂ ಇಲ್ಲ ಸ್ವಾಮಿ. ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ದೊಡ್ಡ ಟೈರು ತೊಡಿಸಿದರೆ ಎಂಜಿನ್ನಿನ ಬಲ ಹೆಚ್ಚೋದಿಲ್ಲ. ಟೈರು ದೊಡ್ಡದಾದಷ್ಟೂ ಎಳೆತ ಕುಗ್ಗುತ್ತೆ, ಬ್ರೇಕಿಗೆ ಕೆಲಸ ಜಾಸ್ತಿ, ಮೀಟರು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸುತ್ತೆ. ಕೊಕ್ಕೆ ಮೇಲೇರಿದರೆ ಟ್ರೈಲರಿನ ಮೂತಿ ಎದ್ದು, ಭಾರ ಹಿಂದಕ್ಕೆ ಸರಿದು, ಬಾಲ ಓಲಾಡುತ್ತೆ. ಪಕ್ಕದಲ್ಲಿ ಹೋಗುವ ಬಸ್ಸಿನವರ ಗತಿ?

ಇನ್ನು ಕಾನೂನು. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸಕೂಡದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು.

ಮಾರುವವರೂ ನಿಶ್ಚಿಂತೆಯಾಗಿ ಇರೋ ಹಾಗಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಗಾಡಿ ಯಾರ ಕೈಲೇ ಇರಲಿ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು 2018ರಲ್ಲಿ ಅದೇ ಕೋರ್ಟು ತೀರ್ಪಿತ್ತಿದೆ. ದುಡ್ಡು ಎಣಿಸಿ ಕೈಮುಗಿದು ಬಂದರೆ ಸಾಲದು. ನಮೂನೆ 29, 30ಕ್ಕೆ ಸಹಿ ಹಾಕಿ ಆರ್‌ಟಿಒ ಕಚೇರಿಗೆ ತಲುಪಿಸಿ. ಗಾಡಿ ಮೇಲಿನ ಸಾಲ ತೀರಿದ್ದರೆ ನಮೂನೆ 35 ಮರೀಬೇಡಿ.

ಕೊಳ್ಳುವವರು ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಚಾಸಿ ಮೇಲೆ ಹೊಸ ವೆಲ್ಡಿಂಗ್ ಕಂಡಿತೋ, ಬಸ್ ಹತ್ತಿ ಮನೆಗೆ ಬನ್ನಿ. ಟಿಕೆಟ್ ದುಡ್ಡಿಗೇ ಪಾರಾದೆವು ಅಂದುಕೊಳ್ಳಿ!