ಬೋರ್ಡಿಗೆ ಲಕ್ಷಗಳು, ಶಿಕ್ಷಕರಿಗೆ ಒಂದು ಮಧ್ಯಾಹ್ನ

ಕೆಲವು ವರ್ಷಗಳ ಹಿಂದೆ, ನಾನು ಕನ್ನಡ ಕಲಿಸುತ್ತಿದ್ದ ಸಮುದಾಯದ ಶಾಲೆಯೊಂದರಲ್ಲಿ ಸ್ಮಾರ್ಟ್ ತರಗತಿಯ ಉದ್ಘಾಟನೆ ನಡೆಯಿತು. ರಿಬ್ಬನ್ ಕತ್ತರಿಸಲಾಯಿತು, ದಾನಿಗಳಿಗೆ ಶಾಲು ಹೊದಿಸಲಾಯಿತು, ಅವರ ಹೆಸರಿನ ಕಲ್ಲು ಗೋಡೆಯಲ್ಲಿ ಕೂತಿತು. ಅದೇ ದಿನ ಮಧ್ಯಾಹ್ನ ಕಂಪೆನಿಯ ಯುವಕನೊಬ್ಬ ಬಂದು, ಇಂಗ್ಲಿಷ್ ಮತ್ತು ಹಿಂದಿ ಬೆರೆಸಿದ ಮಾತಿನಲ್ಲಿ, ಪರದೆಯ ಮೇಲೆ ಬಣ್ಣ ಬದಲಿಸುವುದು ಹೇಗೆ, ಅಳಿಸುವುದು ಹೇಗೆ ಎಂದು ಎರಡು ಗಂಟೆ ತೋರಿಸಿ ಹೋದ. ಶಿಕ್ಷಕರಿಗೆ ದೊರೆತ ತರಬೇತಿ ಅಷ್ಟೇ.

ಆರು ತಿಂಗಳ ನಂತರ ಆ ಬೋರ್ಡಿನ ಮೇಲೆ ಧೂಳು ಬೀಳದಂತೆ ಹಳೆಯ ಬೆಡ್‌ಶೀಟೊಂದನ್ನು ಹೊದಿಸಲಾಗಿತ್ತು. ಶಿಕ್ಷಕಿಯೊಬ್ಬರು ರಜೆ ಹಾಕಿದ ದಿನ ಮಕ್ಕಳಿಗೆ ಕಾರ್ಟೂನ್ ತೋರಿಸಲು ಮಾತ್ರ ಆ ಬೆಡ್‌ಶೀಟು ಸರಿಯುತ್ತಿತ್ತು. ಸಭೆಯಲ್ಲಿ ಆಡಳಿತ ಸಮಿತಿಯ ಹಿರಿಯರು ಕೋಪಗೊಂಡರು: “ಲಕ್ಷಗಟ್ಟಲೆ ಸುರಿದಿದ್ದೇವೆ, ನಿಮಗೆ ಬಳಸಲು ಮನಸ್ಸಿಲ್ಲ.” ಶಿಕ್ಷಕಿಯರು ತಲೆ ತಗ್ಗಿಸಿ ಕುಳಿತರು. ನಾನೂ ಸುಮ್ಮನಿದ್ದೆ. ಅಂದು ಹೇಳಬೇಕಾಗಿದ್ದ ಮಾತನ್ನು ಇಂದು ಹೇಳುತ್ತಿದ್ದೇನೆ: ತಪ್ಪು ಶಿಕ್ಷಕಿಯರದ್ದಲ್ಲ. ಉಪಕರಣವನ್ನು ಖರೀದಿಸಿ, ಅದನ್ನು ಬಳಸಬೇಕಾದವರನ್ನು ಸಿದ್ಧಗೊಳಿಸದೆ ಬಿಟ್ಟವರದ್ದು.

ಇದು ನಮ್ಮೂರಿನ ಒಂದು ಶಾಲೆಯ ಕಥೆ ಮಾತ್ರವಲ್ಲ. ದಕ್ಷಿಣ ಅಮೆರಿಕದ ಪೆರು ದೇಶ ‘ಪ್ರತಿ ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಗ್ರಾಮೀಣ ಶಾಲೆಗಳಿಗೆ ಹಂಚಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಇಂಟರ್ ಅಮೆರಿಕನ್ ಅಭಿವೃದ್ಧಿ ಬ್ಯಾಂಕ್ ಪ್ರಕಟಿಸಿದ ಅಧ್ಯಯನವು, ಮಕ್ಕಳ ಗಣಿತ ಮತ್ತು ಭಾಷಾ ಕಲಿಕೆಯಲ್ಲಿ ಸುಧಾರಣೆಯ ಪುರಾವೆ ಕಾಣಲಿಲ್ಲ ಎಂದಿತು. ಯಂತ್ರಗಳು ತರಗತಿಗೆ ಬಂದಿದ್ದವು, ಪಾಠದ ಕ್ರಮ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಸರಕಾರವೇ ಈ ಪಾಠವನ್ನು ಇಷ್ಟು ದುಬಾರಿ ಬೆಲೆ ತೆತ್ತು ಕಲಿತಿರುವಾಗ, ಚಂದಾ ಹಣದಿಂದ ನಡೆಯುವ ನಮ್ಮ ಶಾಲೆಗಳು ಅದನ್ನು ಮತ್ತೊಮ್ಮೆ ಹಣ ಕೊಟ್ಟು ಕಲಿಯಬೇಕೇ?

“ಈಗಿನ ಶಿಕ್ಷಕಿಯರೆಲ್ಲ ಯುವತಿಯರು, ಕೈಯಲ್ಲಿ ಸದಾ ಮೊಬೈಲ್ ಇರುತ್ತದೆ, ಅವರಿಗೆ ತರಬೇತಿ ಏಕೆ?” ಎಂದು ಕೆಲವರು ಕೇಳುತ್ತಾರೆ. ಮೊಬೈಲ್ ಬಳಸಬಲ್ಲವರೆಲ್ಲ ಅದರಿಂದ ಪಾಠ ಮಾಡಬಲ್ಲರು ಎನ್ನುವುದು, ಅನ್ನ ಉಣ್ಣಬಲ್ಲವರೆಲ್ಲ ಬೇಸಾಯ ಬಲ್ಲರು ಎಂದಂತೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಇದನ್ನು ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದರು. ಶಿಕ್ಷಕನಿಗೆ ವಿಷಯದ ಜ್ಞಾನ ಬೇಕು, ಬೋಧನೆಯ ಜ್ಞಾನ ಬೇಕು, ತಂತ್ರಜ್ಞಾನದ ಜ್ಞಾನ ಬೇಕು. ಈ ಮೂರೂ ಸಂಧಿಸುವಲ್ಲಿ ಹುಟ್ಟುವ ತಿಳಿವು ಬೇರೆಯೇ ಆದದ್ದು. ಬೋರ್ಡಿನ ಗುಂಡಿ ಒತ್ತುವುದನ್ನು ಬಲ್ಲ ಶಿಕ್ಷಕಿಗೆ, ಭಿನ್ನರಾಶಿಯಲ್ಲಿ ಮಗು ಎಲ್ಲಿ ಎಡವುತ್ತದೆ, ಆ ಎಡವನ್ನು ಯಾವ ಚಿತ್ರ ಸರಿಪಡಿಸುತ್ತದೆ ಎಂಬುದನ್ನೂ ಯೋಚಿಸಲು ಅವಕಾಶ ಬೇಕು. ಆ ಅವಕಾಶವೇ ತರಬೇತಿ.

ನಮ್ಮ ಪರಂಪರೆಗೆ ಇದು ಹೊಸ ಮಾತಲ್ಲ. ಮನುಷ್ಯನ ಆಯುಷ್ಯ ಮತ್ತು ಆಸೆಗಳನ್ನು ವಿವರಿಸಲು ಪ್ರವಾದಿ(ಸ)ರು ಚೌಕವೊಂದನ್ನು ಬರೆದು, ಅದನ್ನು ದಾಟಿ ಹೊರಚಾಚುವ ಗೆರೆಯನ್ನೆಳೆದು ತೋರಿಸಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಮದ್ರಸದಲ್ಲಿ ಅದನ್ನು ಓದಿದಾಗ ನಾವು ಅರ್ಥವನ್ನಷ್ಟೇ ಕಲಿತೆವು, ವಿಧಾನದ ಕಡೆಗೆ ಗಮನ ಹರಿಸಲಿಲ್ಲ. ಹೇಳಬೇಕಾದ ವಿಷಯ ಮೊದಲು, ಕೇಳುವವನ ಮನಸ್ಸು ಅನಂತರ, ಇವೆರಡಕ್ಕೂ ತಕ್ಕ ಉಪಕರಣ ಕೊನೆಗೆ. ನಾವು ಮಾಡುತ್ತಿರುವುದು ತಿರುವುಮುರುವು. ಮೊದಲು ಉಪಕರಣ ಕೊಂಡು, ಬಳಿಕ ಅದಕ್ಕೊಂದು ಕೆಲಸ ಹುಡುಕುತ್ತೇವೆ.

ಹಾಗಾದರೆ ಒಳ್ಳೆಯ ತರಬೇತಿ ಎಂದರೇನು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಕಲಿಕೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. ಆ ನೀತಿಯ ಕುರಿತು ನಮಗೆ ಅನೇಕ ಆಕ್ಷೇಪಗಳಿರಬಹುದು. ಆದರೆ ಈ ಒಂದು ಮಾತನ್ನು ನಮ್ಮ ಸಮಿತಿಗಳು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಶಾಲಾ ವರ್ಷದ ಹತ್ತು ತಿಂಗಳಿಗೆ ಹಂಚಿದರೆ ಅದು ತಿಂಗಳಿಗೆ ಐದು ಗಂಟೆ. ಅದರ ಅರ್ಧವನ್ನು ತಂತ್ರಜ್ಞಾನಕ್ಕೆ ಮೀಸಲಿಟ್ಟರೂ, ಉದ್ಘಾಟನೆಯ ದಿನದ ಆ ಎರಡು ಗಂಟೆಗಳು ಎಷ್ಟು ಅಲ್ಪವೆಂಬುದು ತಿಳಿಯುತ್ತದೆ.

ಗಂಟೆಗಳ ಲೆಕ್ಕಕ್ಕಿಂತ ಅವುಗಳ ಹಂಚಿಕೆ ಮುಖ್ಯ. ಮೇ ತಿಂಗಳ ರಜೆಯಲ್ಲಿ ಮೂರು ದಿನ ಕೂಡಿಸಿ ಉಪನ್ಯಾಸ ಕೊಡಿಸಿ, ಊಟ ಹಾಕಿಸಿ, ಪ್ರಮಾಣಪತ್ರ ಹಂಚಿದರೆ ಜೂನ್ ತಿಂಗಳ ತರಗತಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶೋವರ್ಸ್ ಎಂಬ ಸಂಶೋಧಕರು 1980ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಕೇಳಿದ್ದು, ನೋಡಿದ್ದು ತರಗತಿಗೆ ಇಳಿಯಬೇಕಾದರೆ, ಶಿಕ್ಷಕ ಅದನ್ನು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನಿಂತು ತಿದ್ದುವ ಜೊತೆಗಾರ ಬೇಕು. ನಮ್ಮ ಮದ್ರಸಗಳಲ್ಲಿ ತಜ್ವೀದ್ ಕಲಿತವರಿಗೆ ಇದು ಚೆನ್ನಾಗಿ ಗೊತ್ತು. ಮಖ್ರಜ್‌ನ ವಿವರಣೆ ಕೇಳಿದ ಮಾತ್ರಕ್ಕೆ ಯಾರ ಉಚ್ಚಾರಣೆಯೂ ಸರಿಯಾಗಲಿಲ್ಲ. ಉಸ್ತಾದರು ಎದುರು ಕೂರಿಸಿ, ಒಂದೊಂದು ಅಕ್ಷರವನ್ನೂ ತಿದ್ದಿದ್ದರಿಂದ ಸರಿಯಾಯಿತು.

ಗಡಿಯಾಚೆಗಿನ ಕಾಸರಗೋಡನ್ನು ನೋಡಿ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳು ಕೇರಳದ ವ್ಯವಸ್ಥೆಗೆ ಸೇರಿವೆ. ಕೇರಳ 2001ರಲ್ಲಿ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದು ‘ಕೈಟ್’ ಎಂಬ ಸಂಸ್ಥೆಯಾಯಿತು. 45,000 ಹೈಟೆಕ್ ತರಗತಿಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆ ತರಗತಿಗಳಿಗೂ ಮುನ್ನ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಶಿಕ್ಷಕರನ್ನು ಸಿದ್ಧಗೊಳಿಸಿದ ಬಗ್ಗೆ ಯಾರೂ ಮಾತನಾಡುವುದಿಲ್ಲ. ತರಬೇತುದಾರರನ್ನು ಶಿಕ್ಷಕರ ನಡುವಿನಿಂದಲೇ ಆರಿಸಿದರು. ಶಾಲೆಯ ಶಿಕ್ಷಕರೊಬ್ಬರಿಗೇ ಐ.ಟಿ. ಸಂಯೋಜಕರ ಹೊಣೆ ಕೊಟ್ಟರು. ದುಬಾರಿ ಪರವಾನಗಿಗಳ ಬದಲು ಮುಕ್ತ ತಂತ್ರಾಂಶವನ್ನು ಆಯ್ದುಕೊಂಡರು. ಅದೆಲ್ಲ ಸರಕಾರದ ಬಲದಿಂದ ಆದದ್ದು ನಿಜ. ಆದರೆ ಮೊದಲು ಶಿಕ್ಷಕ, ಆಮೇಲೆ ಯಂತ್ರ ಎಂಬ ಕ್ರಮವನ್ನು ಅನುಸರಿಸಲು ಸರಕಾರದ ಖಜಾನೆ ಬೇಕಾಗಿಲ್ಲ.

ಭಾಷೆಯ ಮಾತನ್ನೂ ಹೇಳಲೇಬೇಕು. ಕನ್ನಡದಲ್ಲಿ ಯೋಚಿಸುವ, ಮನೆಯಲ್ಲಿ ಬ್ಯಾರಿ ಅಥವಾ ಉರ್ದು ಮಾತನಾಡುವ ಶಿಕ್ಷಕಿಗೆ ಇಂಗ್ಲಿಷ್ ಸ್ಲೈಡುಗಳನ್ನು ತೋರಿಸಿ ‘ಅರ್ಥವಾಯಿತೇ’ ಎಂದು ಕೇಳಿದರೆ, ಅವಮಾನಕ್ಕೆ ಅಂಜಿ ಆಕೆ ‘ಹೌದು’ ಎನ್ನುತ್ತಾಳೆ. ನನ್ನ ಸಹೋದ್ಯೋಗಿಗಳು ನುಡಿಯ ಹಳೆಯ ಅಕ್ಷರಗಳಲ್ಲಿ ರಾತ್ರಿಯಿಡೀ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಬೆಳಿಗ್ಗೆ ಶಾಲೆಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಯೂನಿಕೋಡ್ ಎಂದರೇನೆಂದು ಅವರಿಗೆ ಅರ್ಧ ಗಂಟೆ ಹೇಳಿಕೊಟ್ಟಿದ್ದರೆ ಆ ಕಣ್ಣೀರು ಉಳಿಯುತ್ತಿತ್ತು. ದೊಡ್ಡ ಯಂತ್ರಗಳಿಗಿಂತ ಮೊದಲು ಇಂತಹ ಸಣ್ಣ ಅಗತ್ಯಗಳನ್ನು ಕೇಳಿ ತಿಳಿಯುವುದೇ ಯೋಜನೆಯ ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆ, ಕಡಿಮೆ ಆರಿಸುವುದು. ವರ್ಷಕ್ಕೆ ಎರಡು ಸಾಧನ ಸಾಕು. ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್ ಪ್ರಯೋಗಗಳು, ಎಲ್ಲ ವಿಷಯಗಳಿಗೂ ಪಠ್ಯಪುಸ್ತಕದ ಕ್ಯೂಆರ್ ಸಂಕೇತದ ಮೂಲಕ ತೆರೆಯುವ ದೀಕ್ಷಾ. ಇವಾವುದಕ್ಕೂ ಶಾಲೆ ಹಣ ತೆರಬೇಕಾಗಿಲ್ಲ. ಮೂರನೆಯದು, ವೇಳಾಪಟ್ಟಿಯಲ್ಲೇ ಸಮಯ ಕೊಡುವುದು. ನಮ್ಮ ಶಾಲೆಗಳಲ್ಲಿ ಕಲಿಸುವವರು ಬಹುಪಾಲು ಮಹಿಳೆಯರು. ಸಂಜೆ ಮನೆಯ ಕೆಲಸ, ಮಕ್ಕಳು, ವೃದ್ಧರು ಅವರನ್ನು ಕಾಯುತ್ತಿರುತ್ತಾರೆ. ತರಬೇತಿಯನ್ನು ಸಂಜೆಗೋ ಭಾನುವಾರಕ್ಕೋ ತಳ್ಳಿ, ‘ಅವರು ಬರುವುದಿಲ್ಲ’ ಎಂದು ದೂರುವುದು ನ್ಯಾಯವಲ್ಲ. ತಿಂಗಳಿಗೊಂದು ಶನಿವಾರದ ಎರಡು ಅವಧಿಗಳನ್ನು ಬಿಟ್ಟುಕೊಡಿ. ನಾಲ್ಕನೆಯದು, ಒಬ್ಬರ ಪಾಠಕ್ಕೆ ಮತ್ತೊಬ್ಬರು ಕುಳಿತು, ಆಮೇಲೆ ಕಾಲು ಗಂಟೆ ಮಾತನಾಡುವುದು. ಅದು ತಪಾಸಣೆಯಾಗಬಾರದು, ವರದಿ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಬಾರದು.

ಐದನೆಯದು, ಯಾವಾಗ ಬಳಸಬಾರದು ಎಂಬುದನ್ನೂ ಕಲಿಸುವುದು. ಯುನೆಸ್ಕೋ 2023ರ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟು, ತಂತ್ರಜ್ಞಾನ ಯಾರ ಷರತ್ತಿನ ಮೇಲೆ ತರಗತಿಗೆ ಬರುತ್ತಿದೆ ಎಂಬ ಪ್ರಶ್ನೆಯನ್ನು ಎತ್ತಿತು. ಮಗುವಿನ ಫೋಟೋ, ಅಂಕಪಟ್ಟಿ, ಮನೆಯ ವಿವರಗಳನ್ನು ಯಾವ ಆ್ಯಪ್‌ಗೆ, ಯಾವ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಾರದು ಎಂದು ತಿಳಿಯುವುದೂ ಶಿಕ್ಷಕರ ವೃತ್ತಿಜ್ಞಾನವೇ. ಮಗು ಕೈಯಾರೆ ಬರೆಯಬೇಕಾದ ಕಡೆ ಪರದೆ ಆರಿರಬೇಕು.

ಕೊನೆಯ ಆಕ್ಷೇಪ, ಅತ್ಯಂತ ಕಹಿಯಾದದ್ದು: “ತರಬೇತಿ ಕೊಟ್ಟರೆ ಅವರು ಬೇರೆ ಶಾಲೆಗೆ ಹೋಗುತ್ತಾರೆ.” ಹೋಗುತ್ತಾರೆ, ನಿಜ. ಏಕೆಂದರೆ ಬಿ.ಎಡ್. ಮುಗಿಸಿದ ನಮ್ಮ ಹೆಣ್ಣುಮಕ್ಕಳಿಗೆ ನಾವು ಕೊಡುವ ವೇತನವನ್ನು ಬಹಿರಂಗವಾಗಿ ಹೇಳಲು ನಮಗೇ ನಾಚಿಕೆಯಾಗುತ್ತದೆ. ಕಲಿತ ಶಿಕ್ಷಕಿ ಹೊರಟುಹೋಗುವ ಭಯವಿರುವವರು, ಕಲಿಯದ ಶಿಕ್ಷಕಿ ಹತ್ತು ವರ್ಷ ಉಳಿದರೆ ಮಕ್ಕಳ ಗತಿ ಏನೆಂದು ಯೋಚಿಸಿದ್ದಾರೆಯೇ? ಹೋದವಳು ಇನ್ನೊಂದು ಶಾಲೆಯ ಮಕ್ಕಳಿಗೆ ಕಲಿಸುತ್ತಾಳೆ. ಆ ಜ್ಞಾನ ನಷ್ಟವಾಗುವುದಿಲ್ಲ.

ಪ್ರಿಯ ಪೋಷಕರೇ, ಮುಂದಿನ ವಾರ್ಷಿಕ ಸಭೆಯಲ್ಲಿ ಹೊಸ ಸ್ಮಾರ್ಟ್ ಬೋರ್ಡಿನ ಪ್ರಸ್ತಾಪ ಬಂದಾಗ ಚಪ್ಪಾಳೆಗೆ ಮುನ್ನ ಎದ್ದುನಿಂತು ಕೇಳಿ: ಕಳೆದ ಬಾರಿ ಕೊಂಡದ್ದು ವಾರಕ್ಕೆ ಎಷ್ಟು ಪಾಠಗಳಲ್ಲಿ ಬಳಕೆಯಾಗುತ್ತಿದೆ? ಶಿಕ್ಷಕರನ್ನು ಕೇಳಿದಿರಾ? ಈ ವರ್ಷ ಅವರ ಕಲಿಕೆಗೆ ಎಷ್ಟು ಗಂಟೆ, ಎಷ್ಟು ಹಣ ತೆಗೆದಿರಿಸಿದ್ದೀರಿ? ಉತ್ತರವಿಲ್ಲದಿದ್ದರೆ, ಬೋರ್ಡು ಒಂದು ವರ್ಷ ಕಾಯಲಿ. ಸಮಿತಿಯ ಸೋದರರಿಗೂ ಒಂದು ಮಾತು. ಕೊಲ್ಲಿಯ ಬಿಸಿಲಿನಲ್ಲಿ ದುಡಿದವರು, ಬೀಡಿ ಕಟ್ಟಿದ ತಾಯಂದಿರು ಕೊಟ್ಟ ಹಣ ನಿಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಬೆಡ್‌ಶೀಟಿನಡಿ ಮುಚ್ಚಿಟ್ಟದ್ದಕ್ಕೆ ಸಭೆಯಲ್ಲಿ ಯಾರೂ ಲೆಕ್ಕ ಕೇಳದಿರಬಹುದು. ಲೆಕ್ಕ ಕೇಳುವವನೊಬ್ಬನಿದ್ದಾನೆ ಎಂದು ನಾವೇ ಮಕ್ಕಳಿಗೆ ಕಲಿಸುತ್ತಿಲ್ಲವೇ?