ದಂಡಿನಶಿವರದ ಡೆಸ್ಕ್‌ಟಾಪ್: ಹೊಸದು ತಗೊಳ್ಳೋದಾ, ಹಳೇದನ್ನ ಉಳಿಸೋದಾ?

ರಜೆಗೆ ಮನೆಗೆ ಹೋದರೆ ನಮಗೆಲ್ಲ ತಪ್ಪದೆ ಎದುರಾಗೋ ಮಾತು ಒಂದಿದೆ. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲಪ್ಪ, ಈ ಕಂಪ್ಯೂಟರ್ ಯಾಕಿಷ್ಟು ಸ್ಲೋ ಆಗಿದೆ ನೋಡು." ಸಿವಿಲ್‌ನವರಿಗೂ ಇದರಿಂದ ವಿನಾಯಿತಿ ಇಲ್ಲ. ನಾವು ಕೊಡೋ ಉತ್ತರಗಳೂ ಎರಡೇ. ಮುಕ್ಕಾಲು ಪಾಲು ಜನ "ಹಳೇದಾಯ್ತು, ಹೊಸದು ತಗೊಳ್ಳಿ" ಅಂತೀವಿ. ಉಳಿದವರು "ಲಿನಕ್ಸ್ ಹಾಕ್ಬಿಡಿ" ಅಂತೀವಿ. ಎರಡೂ ಸೋಮಾರಿ ಉತ್ತರಗಳು ಅನ್ನೋದು ಈಗ ನಮ್ಮ ಅಭಿಪ್ರಾಯ. ಇದು ಕ್ಲಾಸಿನಲ್ಲಿ ಹೊಳೆದದ್ದಲ್ಲ. 2025ರ ದಸರಾ ರಜೆಯಲ್ಲಿ ದಂಡಿನಶಿವರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಐದು ದಿನ ಕೂತಾಗ ಗೊತ್ತಾದದ್ದು.

ದಂಡಿನಶಿವರ ತುರುವೇಕೆರೆ ತಾಲ್ಲೂಕಿನ ಹೋಬಳಿ ಊರು. ರೈಲಿಗೆ ಹೋಗೋರು ಅಮ್ಮಸಂದ್ರದಲ್ಲಿ ಇಳೀಬೇಕು. ಎತ್ತ ನೋಡಿದ್ರೂ ತೆಂಗು. ನಮ್ಮ ಸಂಘದ ಗೆಳೆಯನ ಚಿಕ್ಕಪ್ಪ ಅಲ್ಲಿ ಅಂಗಡಿ ಇಟ್ಕೊಂಡಿದ್ದಾರೆ. ನಾವು ಮೂರೂ ಜನ ಅವರನ್ನ ಚಿಕ್ಕಪ್ಪ ಅಂತಲೇ ಕರೆದದ್ದು, ಇಲ್ಲೂ ಹಾಗೇ ಬರೀತೀವಿ. ಪಹಣಿ ಪ್ರಿಂಟ್, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ಶಿವಗಣಾರಾಧನೆ ಕಾರ್ಡು, ಜಾತ್ರೆ ಕರಪತ್ರ, ಎಲ್ಲಾ ಅಲ್ಲೇ. ಕೊಬ್ಬರಿ ಖರೀದಿ ಕೇಂದ್ರ ತೆರೆದ್ರೆ ಪಹಣಿ, ಫ್ರೂಟ್ಸ್ ಐಡಿ ಅಂತ ಅಂಗಡಿ ಮುಂದೆ ಸಾಲು ನಿಲ್ಲುತ್ತೆ. ಇಷ್ಟೂ ಕೆಲಸ ನಡೀತಿದ್ದದ್ದು 2009ರ ಒಂದು ಡೆಸ್ಕ್‌ಟಾಪಿನಲ್ಲಿ. ಕೋರ್ 2 ಡ್ಯುಯೊ ಇ7500, 2 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ಮೊದಲು ಎಕ್ಸ್‌ಪಿ ಇತ್ತು, ಆಮೇಲೆ ವಿಂಡೋಸ್ 7. 2023ರಲ್ಲಿ ಕ್ರೋಮ್ ವಿಂಡೋಸ್ 7ಕ್ಕೆ ಹೊಸ ಆವೃತ್ತಿ ಕೊಡೋದು ನಿಲ್ಲಿಸಿತು, ಸರ್ಕಾರಿ ಜಾಲತಾಣಗಳು ಒಂದೊಂದಾಗಿ ತೆರೆಯದೇ ಹೋದವು, ಹಾಗಾಗಿ ವಿಂಡೋಸ್ 10 ಹಾಕಿಸಿದ್ರು. ಆವತ್ತಿಂದ ಅದು ಕುಂಟುತ್ತಾ ಇತ್ತು.

ಚಿಕ್ಕಪ್ಪನ ಹತ್ರ ಆಗಲೇ ಒಂದು ಕೊಟೇಶನ್ ಇತ್ತು. ಪೇಟೆಯ ಒಬ್ಬ ಡೀಲರ್ ಬರೆದುಕೊಟ್ಟದ್ದು: ಐ5, 16 ಜಿಬಿ, ಬಣ್ಣಬಣ್ಣದ ದೀಪ ಮಿನುಗೋ ಕ್ಯಾಬಿನೆಟ್, ಹೊಸ ಮಾನಿಟರ್, 62 ಸಾವಿರ. ಹಳೇದಕ್ಕೆ ಎಕ್ಸ್‌ಚೇಂಜಿನಲ್ಲಿ 1500 ಕಡಿತ. "ಈ ವರ್ಷ ಕೊಬ್ಬರಿಗೆ ರೇಟು ಐತಲ್ಲ, ತಗೊಂಡ್ಬಿಡೋಣ ಅಂತ" ಅಂದ್ರು. ಆ ಸೀಮೆಯಲ್ಲಿ ಎಲ್ಲಾ ಲೆಕ್ಕ ಕೊಬ್ಬರಿಯಲ್ಲೇ ಆಗೋದು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಆ ಸಾಲಿನ ಬೆಂಬಲ ಬೆಲೆಯೇ 11,750 ರೂಪಾಯಿ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಅಂದ್ರೆ ಈ ಕಂಪ್ಯೂಟರ್ ಆಗ ಸುಮಾರು ಮೂರು ಕ್ವಿಂಟಾಲ್, ಅದಕ್ಕೂ ಎರಡು ವರ್ಷದ ಹಿಂದೆ ಏಳೆಂಟು ಕ್ವಿಂಟಾಲ್. ಕಾಯಿ ಕಿತ್ತು, ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಸುಲಿಸಿ, ಒಡೆಸಿದ ಮೇಲೆ ಬರೋ ದುಡ್ಡು ಅದು. ಅದನ್ನ ಮಿನುಗೋ ದೀಪಕ್ಕೆ ಹಾಕಿಸೋಕೆ ನಮಗೆ ಮನಸ್ಸು ಒಪ್ಪಲಿಲ್ಲ.

ಮೊದಲು ರೋಗ ಏನು ಅಂತ ನೋಡೋಣ ಅಂದ್ವಿ. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಪ್ರೊಸೆಸರ್ 20 ಶೇಕಡ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದೆ. ಇದರ ಲೆಕ್ಕ ಕೈಯಲ್ಲೇ ಹಾಕಬಹುದು. 7200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಹೆಡ್ಡು ಸರಿಯಾದ ಟ್ರ್ಯಾಕಿಗೆ ಓಡೋಕೆ ಇನ್ನೊಂದು 9 ಮಿಲಿಸೆಕೆಂಡ್. ಒಟ್ಟು 13. ಸೆಕೆಂಡಿಗೆ ಹೆಚ್ಚೆಂದರೆ 75 ಸಲ ಹುಡುಕಾಟ. ಒಂದೊಂದು ಸಲಕ್ಕೆ 4 ಕೆಬಿ ಓದಿದ್ರೆ ಸೆಕೆಂಡಿಗೆ 300 ಕೆಬಿ! ವಿಂಡೋಸ್ 10 ಏಳುವಾಗ ಓದೋದೆಲ್ಲ ಹೀಗೆ ಚೂರುಚೂರೇ. ಜೊತೆಗೆ ರ‍್ಯಾಮ್ ಸಾಲದೆ ಅದು ಪದೇ ಪದೇ ಡಿಸ್ಕನ್ನೇ ರ‍್ಯಾಮ್ ತರ ಬಳಸುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ, ಸೆಕೆಂಡಿಗೆ ಸಾವಿರಾರು ಓದು. ತುಮಕೂರಿನಿಂದ 240 ಜಿಬಿದು ಒಂದು ತಂದು ಹಾಕಿದ್ವಿ, ಜೊತೆಗೆ ಸೆಕೆಂಡ್ ಹ್ಯಾಂಡ್ ರ‍್ಯಾಮ್. ಎರಡೂವರೆ ಸಾವಿರದೊಳಗೆ ಮುಗೀತು. ನಾಲ್ಕು ನಿಮಿಷ ತಗೋತಿದ್ದದ್ದು ಮುಕ್ಕಾಲು ನಿಮಿಷಕ್ಕೆ ಎದ್ದು ಕೂತಿತು. ಚಿಕ್ಕಪ್ಪ ನಕ್ಕು, "ಇದಕ್ಕಾ ಇವರು ಅರವತ್ತೆರಡು ಸಾವಿರ ಕೇಳಿದ್ದು?" ಅಂದ್ರು. ನಮಗೂ ಸಕತ್ ಖುಷಿ.

ಖುಷಿ ಒಂದೇ ರಾತ್ರಿಯದ್ದು. ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯೋದಿತ್ತು. ನೋಂದಾಯಿಸಿಕೊಂಡವರಿಗೆ ಒಂದು ವರ್ಷದ ವಿಸ್ತರಣೆ ಇತ್ತು, ಅದೂ 2026ರ ಅಕ್ಟೋಬರ್ 13ರವರೆಗೆ ಅಂತ ಆಗ ಹೇಳಿದ್ರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರು ಅಥವಾ ಆಮೇಲಿನದು ಬೇಕು. ನಮ್ಮಲ್ಲಿ ಕೆಲವರು ಅದನ್ನ ಬೈಪಾಸ್ ಮಾಡೋದರಲ್ಲಿ ನಿಪುಣರು. ಆದ್ರೆ 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಅನ್ನೋ ಸೂಚನೆ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ. ಇದಕ್ಕೆ ಯಾವ ಬೈಪಾಸೂ ನಡೆಯಲ್ಲ, ಸಿಲಿಕಾನಿನಲ್ಲೇ ಇಲ್ಲದ್ದನ್ನ ಎಲ್ಲಿಂದ ತರೋದು?

"ಅಪ್‌ಡೇಟ್ ಇಲ್ದಿದ್ರೆ ಏನಾಯ್ತು, ಓಡುತ್ತಲ್ಲ" ಅನ್ನಬಹುದು. ತೋಟದ ಮನೆಯಲ್ಲಿ ನೆಟ್ ಇಲ್ಲದೆ ಬರೀ ಲೆಕ್ಕ ಬರೆಯೋ ಕಂಪ್ಯೂಟರ್ ಆಗಿದ್ರೆ ನಾವೂ ಅದನ್ನೇ ಅಂತಿದ್ವಿ, ಅದಿನ್ನೂ ಐದು ವರ್ಷ ಓಡಲಿ. ಈ ಅಂಗಡಿಯದ್ದು ಹಾಗಲ್ಲ. ದಿನಕ್ಕೆ ಮೂವತ್ತು ಜನ ಬಂದು ಆಧಾರ್ ನಂಬರ್ ಹೇಳ್ತಾರೆ, ಓಟಿಪಿ ಹೇಳ್ತಾರೆ, ಬೆರಳು ಒತ್ತುತಾರೆ. ಪೇಟೆಯಲ್ಲಿ ನಮ್ಮದೊಂದು ಲ್ಯಾಪ್‌ಟಾಪ್ ಹ್ಯಾಕ್ ಆದ್ರೆ ಒಬ್ಬನ ತಲೆನೋವು. ಇದು ಆದ್ರೆ ಅರ್ಧ ಹೋಬಳಿಯದ್ದು.

ಹಾಗಾದ್ರೆ ಲಿನಕ್ಸ್? ನಾವೇ ದಿನಾ ಬಳಸೋದು, ಅಭಿಮಾನವೂ ಇದೆ. ಆದ್ರೂ ಆ ಅಂಗಡಿಗೆ ಅದು ಸರಿ ಹೋಗಲಿಲ್ಲ. ಬೆರಳಚ್ಚು ಸ್ಕ್ಯಾನರಿಗೆ ಡ್ರೈವರ್ ಸಿಗಲಿಲ್ಲ. ಹಳೇ ಲೇಸರ್ ಪ್ರಿಂಟರ್ ಒಂದು ದಿನ ಒದ್ದಾಡಿಸಿ ಕೊನೆಗೂ ಅರ್ಧ ಪುಟ ಉಗುಳಿತು. ಮೂರನೇ ದಿನ ನಾವು ಟರ್ಮಿನಲ್ಲಿನಲ್ಲಿ ಮುಳುಗಿದ್ದಾಗ ಹೊರಗೆ ಒಬ್ಬ ಅಜ್ಜ ಪಹಣಿಗೆ ಅಂತ ಒಂದು ಗಂಟೆ ಕಾದು ಎದ್ದು ಹೋದ್ರು. ಸ್ವತಂತ್ರ ತಂತ್ರಾಂಶದ ಬಗ್ಗೆ ನಮ್ಮ ಭಾಷಣ ಅವರಿಗೆ ಯಾಕೆ?

ಕೊನೆಗೆ ಹೊಸದೇ ಬೇಕಾಯ್ತು, ಆದರೆ ಡೀಲರ್ ಹೇಳಿದ್ದಲ್ಲ. ಎನ್100 ಪ್ರೊಸೆಸರಿನ ಒಂದು ಮಿನಿ ಪಿಸಿ, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ. ಊಟದ ಡಬ್ಬಿಯಷ್ಟು ದೊಡ್ಡದು. ಹಳೇ ಮಾನಿಟರನ್ನೇ ಇಟ್ಕೊಂಡ್ವಿ, ಎಚ್‌ಡಿಎಂಐಯಿಂದ ವಿಜಿಎಗೆ ಒಂದು ಕನ್ವರ್ಟರ್ ಸಾಕಾಯ್ತು. ಕೀಬೋರ್ಡ್ ಕೂಡ ಹಳೇದೇ, ಪಿಎಸ್2 ಪಿನ್ನಿನದು. ಅಕ್ಷರಗಳೆಲ್ಲ ಸವೆದು ಕೀಲಿಗಳು ಬೋಳಾಗಿವೆ, ಆದ್ರೆ ಚಿಕ್ಕಪ್ಪನ ಬೆರಳಿಗೆ ಕೆ.ಪಿ. ರಾವ್ ವಿನ್ಯಾಸ ಕಂಠಪಾಠ, ಬೇರೆ ಕೀಬೋರ್ಡು ಬೇಡವೇ ಬೇಡ ಅಂದ್ರು. ಅದಕ್ಕೂ ಒಂದು ಯುಎಸ್‌ಬಿ ಕನ್ವರ್ಟರ್. ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರ ಚಿಲ್ಲರೆ.

ಇದನ್ನ ಆರಿಸೋಕೆ ಕರೆಂಟೂ ಒಂದು ಕಾರಣ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಂದ ಕೂಡಲೇ ಊರೆಲ್ಲ ಮೋಟರ್ ಹಾಕ್ತಾರೆ, ಅಂಗಡಿಯ ಟ್ಯೂಬ್‌ಲೈಟ್ ಮಂಕಾಗುತ್ತೆ. ಯುಪಿಎಸ್‌ನಲ್ಲಿರೋದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ, ಅಂದ್ರೆ 84 ವ್ಯಾಟ್-ಅವರ್. ಹಳೇ ಯಂತ್ರ ಮಾನಿಟರ್ ಸೇರಿ ನೂರು ವ್ಯಾಟಿನ ಆಸುಪಾಸು. ಕಾಗದದ ಮೇಲೆ ಐವತ್ತು ನಿಮಿಷ ಬರಬೇಕು. ಲೆಡ್ ಆಸಿಡ್ ಬ್ಯಾಟರಿಯಿಂದ ಅಷ್ಟು ಜೋರಾಗಿ ಎಳೆದರೆ ಅದರ ಅರ್ಧವೂ ಬರಲ್ಲ. ಇ7500 ಪ್ರೊಸೆಸರ್ ಒಂದಕ್ಕೇ 65 ವ್ಯಾಟ್ ರೇಟಿಂಗ್, ಎನ್100ಕ್ಕೆ 6. ಈಗ ಕರೆಂಟ್ ಹೋದ್ರೂ ಚಿಕ್ಕಪ್ಪ ಒಂದು ಅರ್ಜಿ ಪೂರ್ತಿ ತುಂಬಿ ಸಲ್ಲಿಸಬಹುದು. ಮಿನುಗೋ ಕ್ಯಾಬಿನೆಟ್ ತಗೊಂಡಿದ್ರೆ ಈ ಅನುಕೂಲ ಸಿಗ್ತಿರಲಿಲ್ಲ.

ಹಾರ್ಡ್‌ವೇರ್ ಕಥೆ ಇಷ್ಟೇ. ಇದಕ್ಕಿಂತ ಕಷ್ಟದ್ದು ಆಮೇಲೆ ಬಂತು.

ಹಳೇ ಡಿಸ್ಕಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಡ್ ಫೈಲುಗಳಿದ್ದವು, ಎಲ್ಲಾ ನುಡಿಯಲ್ಲಿ ಟೈಪ್ ಮಾಡಿದ್ದು. ನುಡಿ ಅಂದ್ರೆ ಕನ್ನಡ ಗಣಕ ಪರಿಷತ್ತು ರೂಪಿಸಿದ, ಉಚಿತವಾಗಿ ಸಿಕ್ಕ ತಂತ್ರಾಂಶ. ನಮ್ಮ ಹಳ್ಳಿಗಳಲ್ಲಿ ಕನ್ನಡ ಟೈಪಿಂಗ್ ಹುಟ್ಟಿದ್ದೇ ಅದರಿಂದ ಮತ್ತು ಬರಹದಿಂದ, ಅದನ್ನ ಮರೆತು ಹಳೇದನ್ನ ಬೈಯೋದು ಸರಿಯಲ್ಲ. ಆದ್ರೆ ಆ ಕಾಲದ ಫೈಲುಗಳಲ್ಲಿ ಕನ್ನಡ ಅಕ್ಷರ ನಿಜಕ್ಕೂ ಇಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನ ಮೀಸಲಿದೆ. ನುಡಿಯ ಹಳೇ ಫಾಂಟುಗಳು ಅದನ್ನ ಬಳಸದೆ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ 256 ಸ್ಥಾನದೊಳಗೆ ಕನ್ನಡದ ಚೂರುಗಳನ್ನ ಕೂರಿಸಿವೆ. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ 'ಕನ್ನಡ' ಅನ್ನೋ ಪದ ಹೇಗೆ ಕಾಣುತ್ತೆ ಗೊತ್ತಾ? ಇಂಗ್ಲಿಷಿನ ಪಿ, ತಲೆ ಮೇಲೆ ಓರೆ ಗೆರೆ ಇರೋ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಎಸ್ಸು... ಫಾಂಟ್ ಹಾಕಿದ್ರೆ ಸರಿಯಾಗಿ ಕಾಣುತ್ತೆ, ನಿಜ. ಆದ್ರೆ ಹುಡುಕೋಕೆ ಆಗಲ್ಲ, ಮೊಬೈಲಿಗೆ ಕಳಿಸಿದ್ರೆ ಓದೋಕೆ ಆಗಲ್ಲ.

ಲಗ್ನಪತ್ರಿಕೆ ಹೋದ್ರೆ ಹೋಗಲಿ ಅನ್ನಬಹುದು, ಮದುವೆ ಆಗಿಹೋಗಿದೆ. ಆದ್ರೆ ಅದರ ನಡುವೆ 2011ರ ಒಂದು ಫೈಲಿತ್ತು. ಗೆಳೆಯನ ಅಜ್ಜಿ ಹಾಡ್ತಿದ್ದ ಸೋಬಾನೆ ಪದ, ರಾಗಿ ಬೀಸೋ ಪದ, ಒಟ್ಟು ನಲವತ್ತಮೂರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಅವರನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು ಚಿಕ್ಕಪ್ಪ ಟೈಪ್ ಮಾಡಿದ್ದು. ಅಜ್ಜಿ ತೀರಿಕೊಂಡು ಆರು ವರ್ಷ. ಆಡಿಯೋ ಇಲ್ಲ, ನೋಟ್‌ಬುಕ್ ಇಲ್ಲ. ಇದ್ದದ್ದು ಆ ಡಿಸ್ಕಿನಲ್ಲಿ ಒಂದೇ ಪ್ರತಿ, ಮತ್ತು ಆ ಡಿಸ್ಕಿನ ಸ್ಮಾರ್ಟ್ ವರದಿ ನೋಡಿದಾಗ ಕೆಟ್ಟ ಸೆಕ್ಟರುಗಳ ಎಣಿಕೆ ಆಗಲೇ ಏರುತ್ತಿತ್ತು. ನೆನಪಿರಲಿ, ಆ ಡಿಸ್ಕನ್ನೇ 1500 ರೂಪಾಯಿಗೆ ಎಕ್ಸ್‌ಚೇಂಜಿಗೆ ಕೊಡೋದಿತ್ತು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಊರವರ ನೂರಾರು ಆಧಾರ್, ಪಾಸ್‌ಬುಕ್ ಸ್ಕ್ಯಾನುಗಳ ಸಮೇತ! ಡಿಲೀಟ್ ಒತ್ತಿದ್ರೆ ಫೈಲು ಹೋಗಲ್ಲ, ಅದರ ವಿಳಾಸ ಅಳಿಯುತ್ತೆ ಅಷ್ಟೇ, ಅನ್ನೋದು ನಮಗೆ ಮೂರನೇ ಸೆಮಿಸ್ಟರಿನ ಪಾಠ. ಮನೆಯವರಿಗೆ ನಮ್ಮಲ್ಲಿ ಎಷ್ಟು ಜನ ಹೇಳಿದ್ದೀವಿ? ಬೇಕಾದ್ದನ್ನೆಲ್ಲ ನಕಲು ತೆಗೆದ ಮೇಲೆ ಡಿಸ್ಕಿನ ತುಂಬ ಸೊನ್ನೆ ಬರೆದ್ವಿ. ಒಂದು ರಾತ್ರಿಯೆಲ್ಲಾ ಓಡಿತು.

ಹಾಡುಗಳನ್ನ ಯುನಿಕೋಡಿಗೆ ತರೋದು ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ವಿ. ಉಚಿತ ಪರಿವರ್ತಕಗಳಿವೆ, ಚೆನ್ನಾಗೇ ಇವೆ. ಆದ್ರೂ ತೊಡಕು ಬಂತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಹಾಗೆ ವ್ಯಂಜನದ ನಂತರ ಕೂರುತ್ತೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಎರಡು ಒತ್ತು ಸೇರಿದ ಕಡೆ ಪರಿವರ್ತಕ ಎಡವಿ ಅರ್ಕಾವತ್ತನ್ನ ಪಕ್ಕದ ಅಕ್ಷರಕ್ಕೆ ಅಂಟಿಸಿತು. ನಡುವೆ ಇಂಗ್ಲಿಷಿನಲ್ಲಿ ಹಾಕಿದ್ದ ದಿನಾಂಕ, ಹೆಸರುಗಳು ಅರ್ಥವಿಲ್ಲದ ಕನ್ನಡವಾದವು, ಯಾಕಂದ್ರೆ ಬರೀ ಪಠ್ಯ ಅಂಟಿಸಿದಾಗ ಯಾವುದು ಯಾವ ಫಾಂಟು ಅಂತ ಅದಕ್ಕೆ ಗೊತ್ತಾಗಲ್ಲ. ಹಾಡಿನ ಭಾಷೆ ಆಡುಮಾತು, ಸ್ಪೆಲ್‌ಚೆಕ್ಕಿಗೆ ನೂರಕ್ಕೆ ಅರವತ್ತು ಪದ ತಪ್ಪು. ಕೊನೆಗೆ ಹಳೇ ಯಂತ್ರದಲ್ಲಿ ಪ್ರಿಂಟ್ ತೆಗೆದು, ಒಬ್ಬ ಓದಿ, ಒಬ್ಬ ತಿದ್ದಿ, ಎರಡು ರಾತ್ರಿ ಕೂತ್ವಿ. ಸಾಲು ತಪ್ಪಿದಲ್ಲೆಲ್ಲ ಅಂಗಡಿ ಬಾಗಿಲಲ್ಲಿ ನಿಂತ ಚಿಕ್ಕಮ್ಮ ಹಾಡಿಯೇ ಸರಿಮಾಡಿದ್ರು. ಅವರಿಗೆ ಅಷ್ಟು ಬರುತ್ತೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಪದ ಮಾತ್ರ ಟೈಪಿಂಗ್ ತಪ್ಪೋ ಹಳೇ ಮಾತೋ ಬಗೆಹರಿಯಲಿಲ್ಲ, ಹಾಗೇ ಬಿಟ್ಟಿದ್ದೀವಿ.

ನಮ್ಮ ಕನ್ನಡ ಸಂಘ ನವೆಂಬರ್ ಬಂದ್ರೆ ಬಾವುಟ, ಡೊಳ್ಳು, ರಸಪ್ರಶ್ನೆ ಅಂತ ಓಡಾಡುತ್ತೆ. ಬೇಡ ಅನ್ನಲ್ಲ, ನಾವೂ ಕುಣಿದೋರೇ. ಆದ್ರೆ ಪ್ರತಿ ಹೋಬಳಿಯಲ್ಲೂ ಇಂಥ ಒಂದು ಡೆಸ್ಕ್‌ಟಾಪ್ ಇದೆ, ಈ ಎರಡು ವರ್ಷದಲ್ಲಿ ಅವೆಲ್ಲ ಬದಲಾಗ್ತವೆ. ಡೀಲರ್ ಹಳೇದನ್ನ ತಗೊಂಡು ಹೋಗೋ ಮುಂಚೆ ಅದರಲ್ಲೇನಿದೆ ಅಂತ ನೋಡೋಕೆ ಬೇಕಾದ ವಿದ್ಯೆ ನಮಗಿದೆ, ಮನೆಗಳೂ ಆ ಊರುಗಳಲ್ಲೇ ಇವೆ. ಬಾವುಟದ ಬಜೆಟ್ಟಿನಲ್ಲಿ ನಾಲ್ಕು ಎಕ್ಸ್‌ಟರ್ನಲ್ ಡಿಸ್ಕ್ ಬರುತ್ತೆ. ಹೀಗಂದಿದ್ದಕ್ಕೆ ಸಂಘದ ಸಭೆಯಲ್ಲಿ ಸ್ವಲ್ಪ ಜಗಳವೂ ಆಯ್ತು.

ಹಳೇ ಡೆಸ್ಕ್‌ಟಾಪ್ ಈಗ ಅಂಗಡಿಯ ಮೂಲೆಯಲ್ಲಿದೆ, ಅದರಲ್ಲಿ ಲಿನಕ್ಸ್. ಚಿಕ್ಕಪ್ಪನ ಮಗಳು ಏಳನೇ ಕ್ಲಾಸು, ಅದರಲ್ಲಿ ಯುನಿಕೋಡ್ ಕನ್ನಡ ಟೈಪ್ ಮಾಡೋದು ಕಲೀತಿದ್ದಾಳೆ. ಹಾಡುಗಳ ಒಂದು ಪ್ರತಿ ಬೀರುವಿನಲ್ಲಿ ಪಹಣಿ, ಕ್ರಯಪತ್ರದ ಜೊತೆ ಪೆನ್‌ಡ್ರೈವಲ್ಲಿದೆ. ಪೆನ್‌ಡ್ರೈವ್ ನಂಬೋಕಾಗಲ್ಲ ಅಂತ ಕಾಗದದ ಪ್ರತಿಯೂ ಇದೆ, ಇನ್ನೊಂದು ನಮ್ಮ ಹತ್ರ. ಉಳಿದ ಸಾವಿರ ಚಿಲ್ಲರೆ ಫೈಲುಗಳ ಪರಿವರ್ತನೆ ಬಾಕಿ. ಸೆಮಿಸ್ಟರ್ ರಜೆಗೆ ಮತ್ತೆ ಹೋಗ್ತಿದ್ದೀವಿ. ಬರೋರು ಹೆಸರು ಕೊಡಿ, ಊಟ ಚಿಕ್ಕಮ್ಮನ ಮನೇಲಿ.