ಸಹಿ ಹಾಕಿದ ಮೇಲೆ

2008ರ ಜುಲೈ ಕೊನೆಯ ವಾರ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಸೀಸನ್ ಇನ್ನೂ ಮುಗಿದಿರಲಿಲ್ಲ. ಸಿಡ್ನಿಯ ಕ್ಯಾಂಟರ್ಬರಿ ಬುಲ್‌ಡಾಗ್ಸ್ ತಂಡದ ತಾರೆ ಸೋನಿ ಬಿಲ್ ವಿಲಿಯಮ್ಸ್ ಕ್ಲಬ್ಬಿಗೆ ಹೇಳದೆ ಕೇಳದೆ ವಿಮಾನ ಹತ್ತಿಬಿಟ್ಟರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದು ಹಿಂದಿನ ವರ್ಷವಷ್ಟೇ. ಹೋಗಿದ್ದು ಫ್ರಾನ್ಸಿನ ತುಲಾನ್ ಕ್ಲಬ್ಬಿಗೆ, ಅದೂ ಲೀಗ್ ಬಿಟ್ಟು ಆಟದ ಇನ್ನೊಂದು ಪ್ರಕಾರವಾದ ರಗ್ಬಿ ಯೂನಿಯನ್ ಆಡುವುದಕ್ಕೆ. ಬುಲ್‌ಡಾಗ್ಸ್ ಕೋರ್ಟ್ ಮೆಟ್ಟಿಲು ಹತ್ತಿತು, ಕೊನೆಗೆ 7.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಕಾನೂನಿನ ಲೆಕ್ಕ ಅಲ್ಲಿಗೆ ಚುಕ್ತಾ. ಅವರು ಮಾಡಿದ್ದು ಸರಿಯೇ ಎಂಬ ಪ್ರಶ್ನೆಗೆ ಮಾತ್ರ ಇಂದಿಗೂ ಎರಡು ಉತ್ತರಗಳಿವೆ.

ಕ್ಲಬ್ಬಿನ ಕಡೆಯ ವಾದವನ್ನು ಮೊದಲು ಕೇಳೋಣ. ಆಕ್ಲೆಂಡಿನ ಈ ಹುಡುಗನನ್ನು ಹದಿಹರೆಯದಲ್ಲೇ ಗುರುತಿಸಿ ಸಿಡ್ನಿಗೆ ಕರೆತಂದು ಬೆಳೆಸಿದ್ದು ಬುಲ್‌ಡಾಗ್ಸ್. 2004ರಲ್ಲಿ ಮೊದಲ ದರ್ಜೆಯ ಪಂದ್ಯದಲ್ಲಿ ಕಣಕ್ಕಿಳಿಸಿತು. ಅದೇ ವರ್ಷ ಫೈನಲ್‌ನಲ್ಲಿ ಸಿಡ್ನಿ ರೂಸ್ಟರ್ಸ್ ತಂಡವನ್ನು 16–13ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಅವರೂ ಆ ತಂಡದಲ್ಲಿದ್ದರು. ಆಮೇಲೆ ಗಾಯಗೊಂಡು ಹೊರಗೆ ಕೂತ ದಿನಗಳಲ್ಲೂ ಸಂಬಳ ನಿಲ್ಲಲಿಲ್ಲ. ಅಲ್ಲದೆ, ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್‌ನಲ್ಲಿ (ಎನ್‌ಆರ್‌ಎಲ್) ಪ್ರತಿ ಕ್ಲಬ್ಬೂ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿದೆ. ಒಬ್ಬ ತಾರೆಗೆ ದೊಡ್ಡ ಪಾಲು ತೆಗೆದಿಟ್ಟರೆ ಉಳಿದವರಿಗೆ ಅಷ್ಟು ಕಡಿಮೆ. ಹಾಗೆ ಲೆಕ್ಕ ಹಾಕಿ ಐದು ವರ್ಷಕ್ಕೆ ಕಟ್ಟಿದ ತಂಡದಿಂದ ಆ ತಾರೆಯೇ ಎದ್ದು ಹೋದರೆ, ಸೀಸನ್ ನಡುವೆ ಅಂಥವನನ್ನು ಎಲ್ಲಿಂದ ತರುವುದು?

ಆಟದ ಸ್ವರೂಪ ಈ ನೋವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಲೀಗ್‌ನಲ್ಲಿ ತಂಡಕ್ಕೆ ಹದಿಮೂರು ಜನ. ಚೆಂಡು ಹಿಡಿದವನು ಎದುರಾಳಿಗಳ ಗೋಡೆಗೆ ನೇರವಾಗಿ ನುಗ್ಗಬೇಕು, ಬೀಳಬೇಕು, ಎದ್ದು ಚೆಂಡನ್ನು ಪಾದದಿಂದ ಹಿಂದಕ್ಕೆ ಉರುಳಿಸಬೇಕು. ಆರು ಸಲ ಹೀಗೆ ಸಿಕ್ಕಿಬಿದ್ದರೆ ಚೆಂಡು ಎದುರು ಪಕ್ಷಕ್ಕೆ. ರಕ್ಷಣೆಯಲ್ಲಿ ನಮ್ಮ ಕಬಡ್ಡಿಯ ಸರಪಳಿ ಇದ್ದ ಹಾಗೆ: ಒಬ್ಬ ಜಾರಿದರೆ ಪಕ್ಕದವನ ಪಕ್ಕೆಲುಬಿಗೆ ಪೆಟ್ಟು. ಬುಲ್‌ಡಾಗ್ಸ್ 2008ರಲ್ಲಿ ಪಟ್ಟಿಯ ಕಟ್ಟಕಡೆಗೆ ಬಂತು. ಮೊದಲೇ ಕುಂಟುತ್ತಿದ್ದ ತಂಡ ಅದು; ಸೋಲನ್ನೆಲ್ಲ ವಿಲಿಯಮ್ಸ್ ತಲೆಗೆ ಕಟ್ಟುವಂತಿಲ್ಲ. ಆದರೆ ಉಳಿದ ಪಂದ್ಯಗಳಲ್ಲಿ ಪೆಟ್ಟು ತಿಂದವರು ಅವರ ಜೊತೆಗಾರರೇ. 7.5 ಲಕ್ಷ ಡಾಲರ್ ಸಂದಾಯವಾಗಿದ್ದು ಕ್ಲಬ್ಬಿಗೆ, ಆ ಜೊತೆಗಾರರಿಗಲ್ಲ.

ಇನ್ನು ಆಟಗಾರನ ಕಡೆ. ಈ ವೃತ್ತಿಯಲ್ಲಿ ಬಂಡವಾಳವೆಂದರೆ ಮೈ, ಅದು ಬೇಗ ಕರಗುತ್ತದೆ. ವಿಲಿಯಮ್ಸ್ ಹೆಸರು ಮಾಡಿದ್ದು ಎರಡು ವರಸೆಗಳಿಂದ. ಒಂದು, ಇಬ್ಬರು ಮೂವರು ಮೈಮೇಲೆ ಜೋತುಬಿದ್ದಿರುವಾಗಲೇ ಒಂದು ಕೈ ಬಿಡಿಸಿಕೊಂಡು, ಹಿಂದೆ ಓಡಿಬರುವ ಜೊತೆಗಾರನಿಗೆ ಚೆಂಡು ದಾಟಿಸುವುದು. ಇನ್ನೊಂದು, ಓಡಿಬರುವವನನ್ನು ಕೈಯಲ್ಲಿ ಹಿಡಿಯದೆ ಭುಜದಿಂದಲೇ ಗುದ್ದಿ ಕೆಡವುವುದು. ಈ ಎರಡನೆಯದಕ್ಕೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅದು ಅಪಾಯವೆಂದು 2013ರಿಂದ ಎನ್‌ಆರ್‌ಎಲ್ ನಿಷೇಧಿಸಿತು. ಇಂಥ ದುಡಿಮೆಗೆ ಎಷ್ಟು ಬೆಲೆ ಎಂದು ನಿರ್ಧರಿಸುವಾಗ ಆಟಗಾರನ ಮಾತಿಗಿಂತ ಕ್ಲಬ್ಬುಗಳು ಹಾಕಿಕೊಂಡ ಮಿತಿಯದೇ ಮೇಲುಗೈ. ಫ್ರಾನ್ಸಿನ ಶ್ರೀಮಂತ ಮಾಲೀಕರಿಗೆ ಆ ಮಿತಿ ಅನ್ವಯಿಸುತ್ತಿರಲಿಲ್ಲ.

ಆ ಮಿತಿಯನ್ನಾದರೂ ಕ್ಲಬ್ಬುಗಳು ಪಾಲಿಸಿದವೇ? 2002ರಲ್ಲಿ ಅಗ್ರಸ್ಥಾನದಲ್ಲಿದ್ದ ಇದೇ ಬುಲ್‌ಡಾಗ್ಸ್ ಮಿತಿ ಮೀರಿ ಹಣ ಕೊಟ್ಟಿದ್ದಕ್ಕೆ 37 ಅಂಕ ಕಳೆದುಕೊಂಡು ತಳಕ್ಕೆ ಬಿತ್ತು. 2010ರಲ್ಲಿ ಅದೇ ತಪ್ಪಿಗೆ ಮೆಲ್ಬರ್ನ್ ಸ್ಟಾರ್ಮ್ ತಂಡದಿಂದ 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ತಾರೆಗಳನ್ನು ಹಿಡಿದಿಟ್ಟುಕೊಳ್ಳಲು ನಿಷ್ಠೆಯೊಂದೇ ಸಾಲದು ಎಂಬುದು ಕ್ಲಬ್ಬುಗಳಿಗೇ ಚೆನ್ನಾಗಿ ಗೊತ್ತಿತ್ತು.

ಇತಿಹಾಸವೂ ಆಟಗಾರನ ಪರವಾಗಿ ಸಾಕ್ಷಿ ನುಡಿಯುತ್ತದೆ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಹೋಟೆಲೊಂದರಲ್ಲಿ ಸೇರಿ ರಗ್ಬಿ ಯೂನಿಯನ್‌ನಿಂದ ಸಿಡಿದು ಲೀಗ್‌ಗೆ ಬುನಾದಿ ಹಾಕಿದ್ದು ಕೂಲಿಯ ಪ್ರಶ್ನೆಗೇ: ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡ ಗಣಿ, ಗಿರಣಿ ಕಾರ್ಮಿಕರಿಗೆ ಆ ದಿನದ ಕೂಲಿ ತುಂಬಿಕೊಡಬೇಕೆಂದು. ಸಿಡ್ನಿಯಲ್ಲೂ ಹೆಚ್ಚುಕಡಿಮೆ ಇದೇ ಕತೆ. ಅಲೆಕ್ ಬರ್ಡನ್ ಎಂಬ ಕ್ಷೌರಿಕ ಯೂನಿಯನ್ ಆಡುವಾಗ ಭುಜಕ್ಕೆ ಪೆಟ್ಟು ಮಾಡಿಕೊಂಡು ದುಡಿಯಲಾಗದೆ ಕೂತರೂ ಪರಿಹಾರ ಸಿಗಲಿಲ್ಲ. 1907ರಲ್ಲಿ ಅಲ್ಲಿ ಲೀಗ್ ಹುಟ್ಟಲು ಆ ಸಿಟ್ಟೂ ಒಂದು ಕಾರಣ. ದುಡಿಮೆಗೆ ತಕ್ಕ ಹಣ ಕೇಳಿ ಎದ್ದು ಹೋದವರು ಕಟ್ಟಿದ ಆಟ, ಹಣಕ್ಕಾಗಿ ಎದ್ದು ಹೋದವನನ್ನು ದ್ರೋಹಿ ಎನ್ನುವುದು ಕಷ್ಟ.

ಹಾಗೆಂದು ವಿಲಿಯಮ್ಸ್ ನಡೆಯನ್ನೆಲ್ಲ ಹಣದಿಂದಲೇ ಅಳೆಯಲೂ ಆಗದು. 2010ರಲ್ಲಿ ತುಲಾನ್ ದೊಡ್ಡ ಮೊತ್ತ ಮುಂದಿಟ್ಟರೂ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ನ್ಯೂಜಿಲೆಂಡಿಗೆ ಮರಳಿದರು. ಆ ದೇಶದ ಯೂನಿಯನ್ ತಂಡ ಆಲ್ ಬ್ಲ್ಯಾಕ್ಸ್ ಪರ ಆಡಿ 2011 ಮತ್ತು 2015ರ ವಿಶ್ವಕಪ್ ಗೆದ್ದರು. ನಡುವೆ 2013ರಲ್ಲಿ ಮತ್ತೆ ಲೀಗ್‌ಗೆ ಬಂದು, ಒಂದು ಕಾಲದಲ್ಲಿ ತಾವೇ ಸೋಲಿಸಿದ್ದ ರೂಸ್ಟರ್ಸ್ ಪರ ಆಡಿ ಪ್ರಶಸ್ತಿ ಗೆದ್ದುಕೊಟ್ಟರು. ಬೈದ ಲೀಗೇ ಅವರನ್ನು ಬರಮಾಡಿಕೊಂಡಿತು. ಅವರು ಬಂದರೆ ಟಿಕೆಟ್ ಮಾರಾಟವಾಗುತ್ತಿತ್ತಲ್ಲ.

ಇವೆಲ್ಲಕ್ಕಿಂತ ಯೋಚನೆಗೆ ಹಚ್ಚುವುದು 2020ರ ಸಂಗತಿ. ಆ ವರ್ಷ ವಿಲಿಯಮ್ಸ್ ಭಾರೀ ಒಪ್ಪಂದದ ಮೇಲೆ ಕೆನಡಾದ ಟೊರಾಂಟೊ ವುಲ್ಫ್‌ಪ್ಯಾಕ್ ಪರ ಲೀಗ್ ಆಡುತ್ತಿದ್ದರು. ಕೋವಿಡ್ ಬಂತು, ಜುಲೈನಲ್ಲಿ ಕ್ಲಬ್ ತಾನು ಆಡುತ್ತಿದ್ದ ಸೂಪರ್ ಲೀಗ್ ಟೂರ್ನಿಯಿಂದ ಹಿಂದೆ ಸರಿಯಿತು, ಆಟಗಾರರ ಸಂಬಳ ಬಾಕಿ ಉಳಿಯಿತು. ಹನ್ನೆರಡು ವರ್ಷದ ಹಿಂದೆ ಸೀಸನ್ ನಡುವೆ ಆಟಗಾರ ಎದ್ದು ಹೋಗಿದ್ದ. ಈ ಸಲ ಕ್ಲಬ್ಬೇ ಎದ್ದು ಹೋಯಿತು. ಎರಡೂ ಒಂದೇ ಅಲ್ಲ, ನಿಜ: ಅಲ್ಲಿದ್ದದ್ದು ಆಯ್ಕೆ, ಇಲ್ಲಿ ಬಹುಪಾಲು ವಿಪತ್ತು. ಆದರೆ ಅರ್ಧದಲ್ಲಿ ಕೈಬಿಟ್ಟಾಗ ಪೆಟ್ಟು ಬೀಳುವುದು ಎರಡೂ ಕಡೆ ಮೈದಾನದಲ್ಲಿ ದುಡಿಯುವವರಿಗೇ.

ಹೋಗುವ ಹಕ್ಕು ಮತ್ತು ಹೋದ ರೀತಿ, ಇವೆರಡನ್ನೂ ಬೇರೆಬೇರೆಯಾಗಿ ತೂಗಬೇಕು. ಹೋಗುವ ಹಕ್ಕಿನ ಮಾತಿನಲ್ಲಿ ತಕ್ಕಡಿ ವಿಲಿಯಮ್ಸ್ ಕಡೆ ವಾಲುತ್ತದೆ: ಹತ್ತು ಹನ್ನೆರಡು ವರ್ಷದಲ್ಲಿ ಜೀವಮಾನದ ಗಳಿಕೆ ಮುಗಿಸಬೇಕಾದವನನ್ನು, ಪರಿಹಾರ ಕೊಟ್ಟರೂ ಬಿಡೆವು ಎಂದು ಕಟ್ಟಿಹಾಕುವುದು ನ್ಯಾಯವಲ್ಲ. ಹೋದ ರೀತಿಯಲ್ಲಿ ಅದು ಕ್ಲಬ್ಬಿನ ಕಡೆಗೇ ವಾಲುತ್ತದೆ. ಸೀಸನ್ ಮುಗಿಯಲು ಉಳಿದಿದ್ದು ಕೆಲವೇ ವಾರ. ಅಷ್ಟು ಕಾಲ ನಿಂತು, ಎದುರಿಗೆ ಹೇಳಿ ಹೊರಟಿದ್ದರೆ ಕೋರ್ಟಿನ ವ್ಯಾಜ್ಯ ಹೇಗೂ ನಡೆಯುತ್ತಿತ್ತು, ಜೊತೆಗಾರರ ಋಣವಾದರೂ ತೀರುತ್ತಿತ್ತು. ಇದೇ ನಿಯಮ ಕ್ಲಬ್ಬುಗಳಿಗೂ ಅನ್ವಯಿಸಲಿ: ತಂಡ ಮುಚ್ಚುವುದಾದರೂ ಆ ಸೀಸನ್ನಿನ ಸಂಬಳವನ್ನು ಮೊದಲೇ ತೆಗೆದಿಟ್ಟಿರಬೇಕು. ಒಪ್ಪಂದದ ಕೆಳಗೆ ಎರಡು ಸಹಿಗಳಿರುತ್ತವೆ. ಆಟಗಾರನದನ್ನು ಮಾತ್ರ ಪ್ರತಿಜ್ಞೆ ಎಂದು ಓದುವುದು ಸರಿಯಲ್ಲ.